ವಿಕ್ರಮಾದಿತ್ಯದ ಬೆಂಕಿಯಲ್ಲಿ ತೀರಿಕೊಂಡ ಅಧಿಕಾರಿಯನ್ನು ನಮ್ಮೂರಲ್ಲಿ ನೆನೆಯುವುದು ಹೇಗೆ?

ಪಡುಕೆರೆ ಅಕ್ಕ:

ಎಲ್ಲರಿಗೂ ನಮಸ್ಕಾರ. ನಾನು ಮಲ್ಪೆ ಪಡುಕೆರೆಯವಳು. ನಮ್ಮ ಯುವಕ ಮಂಡಲದ ಹುಡುಗರು ಈ ಸಲ ಏಪ್ರಿಲ್ 26ಕ್ಕೆ ಭಜನಾ ಮಂದಿರದ ಹಾಲ್‌ನಲ್ಲಿ ಒಂದು ಚಿಕ್ಕ ಕಾರ್ಯಕ್ರಮ ಮಾಡಬೇಕೆಂದು ಹೊರಟಿದ್ದಾರೆ. 2019ರಲ್ಲಿ ಅದೇ ದಿನ ಬೆಳಗ್ಗೆ ಐಎನ್‌ಎಸ್ ವಿಕ್ರಮಾದಿತ್ಯ ಎಂಬ ನೌಕಾಪಡೆಯ ವಿಮಾನವಾಹಕ ಹಡಗು ಕಾರವಾರ ಬಂದರಿನ ಒಳಗೆ ಬರುವಾಗ ಬೆಂಕಿ ಬಿತ್ತಲ್ಲ, ಅದನ್ನು ನಂದಿಸಲು ಹೋಗಿ ತೀರಿಕೊಂಡ ಲೆಫ್ಟಿನೆಂಟ್ ಕಮಾಂಡರ್ ಡಿ. ಎಸ್. ಚೌಹಾಣ್ ಅವರ ನೆನಪಿಗೆ.

ಮಾತಾಡಲು ನನ್ನನ್ನು ನಿಲ್ಲಿಸಿದ್ದಾರೆ. ಕಾರಣ ನನ್ನ ತಮ್ಮ. ಅವನು ಅಗ್ನಿವೀರನಾಗಿ ಸೇರಿ, ಒಡಿಶಾದ ಚಿಲ್ಕಾದಲ್ಲಿ ತರಬೇತಿ ಮುಗಿಸಿ, ಈಗ ಒಂದು ಹಡಗಿನ ಎಂಜಿನ್ ವಿಭಾಗದಲ್ಲಿದ್ದಾನೆ. ಮಂಡಲದ ಇನ್ನೂ ಕೆಲವು ಹುಡುಗರು ಅದೇ ದಾರಿ ಹಿಡಿಯುವ ಅಂದಾಜಿನಲ್ಲಿದ್ದಾರೆ. ಅಮ್ಮನಿಗೆ ಮಾತ್ರ ಈ ಕಾರ್ಯಕ್ರಮದ ಸುದ್ದಿಯೇ ಬೇಡ. ನಾನು ಅದರ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಾರೆ.

ಮೊನ್ನೆ ಮೀಟಿಂಗಿನಲ್ಲಿ ಒಬ್ಬರು ಹಿರಿಯರು ಕೇಳಿದರು. "ಅವರು ನಮ್ಮ ಊರಿನವರಲ್ಲ, ಯುದ್ಧದಲ್ಲಿ ಹೋದದ್ದೂ ಅಲ್ಲ, ಹಡಗಿನಲ್ಲಿ ಆದ ಅವಘಡ. ನಮ್ಮ ಬೋಟಿನಲ್ಲಿ ಹೋದವರಿಗೇ ನಾವು ಇಷ್ಟು ಮಾಡಲಿಲ್ಲ, ಅಲ್ವಾ?" ಯಾರೂ ಉತ್ತರ ಕೊಡಲಿಲ್ಲ. ನನಗೂ ಆ ಹೊತ್ತಿಗೆ ಬಾಯಿ ಬರಲಿಲ್ಲ.

ನನಗೆ ಬೇಕಾದದ್ದು ಇಷ್ಟು. ಹಡಗಿನೊಳಗೆ ಬೆಂಕಿ ಬಿದ್ದರೆ ನಿಜವಾಗಿ ಏನಾಗುತ್ತದೆ, ಒಬ್ಬ ಅಧಿಕಾರಿ ಯಾಕೆ ಒಳಗೆ ಹೋಗಬೇಕಾಗುತ್ತದೆ, ಅದನ್ನು ಹದಿನೇಳು ಹದಿನೆಂಟರ ಮಕ್ಕಳಿಗೆ ಹೇಗೆ ಹೇಳುವುದು? ಪೇಪರಿನಲ್ಲಿ ಬಂದ ನಾಲ್ಕು ಸಾಲು ಓದಿ ದೀಪ ಹಚ್ಚಿ ಕಳಿಸಲು ಮನಸ್ಸಿಲ್ಲ. ಗೊತ್ತಿರುವವರು ಬರೆಯಿರಿ.

ಅಜ್ಜರಕಾಡು ವಾಕರ್:

ಮಾಡಿ ಅಕ್ಕ, ಖಂಡಿತ ಮಾಡಿ. ನಮ್ಮ ಅಜ್ಜರಕಾಡಿನ ಹುತಾತ್ಮ ಸ್ಮಾರಕದಲ್ಲಿ ಜುಲೈ 26ಕ್ಕೆ ಕಾರ್ಗಿಲ್ ದಿನ ಹೂವಿಡುತ್ತಾರೆ, ಮಂಗಳೂರಿನಲ್ಲಿ ಕದ್ರಿಯ ಸ್ಮಾರಕದಲ್ಲೂ ಇದೆ. ನಮ್ಮಲ್ಲಿ ಸೇನೆ ಅಂದರೆ ಭೂಸೇನೆಯ ನೆನಪೇ ಜಾಸ್ತಿ. ಕರಾವಳಿಯಲ್ಲಿ ಇದ್ದುಕೊಂಡು ನಾವು ನೌಕಾಪಡೆಯವರನ್ನು ನೆನೆಯುವುದು ಕಡಿಮೆ. ತಾಂತ್ರಿಕ ವಿಷಯ ನನಗೆ ಗೊತ್ತಿಲ್ಲ. ಕಾಪುವಿನವರೊಬ್ಬರು ಇಲ್ಲಿ ಬರೆಯುತ್ತಾ ಇರುತ್ತಾರೆ, ನೌಕಾಪಡೆಯಲ್ಲಿ ಇದ್ದವರು. ಅವರು ನೋಡಿದರೆ ಒಳ್ಳೆಯದಿತ್ತು.

ಕಾಪು ದೀಪಸ್ತಂಭ:

ನೋಡಿದೆ ತಂಗಿ. ನಾನು ಬಾಯ್ಲರ್ ರೂಮಿನಲ್ಲಿ ವರ್ಷಗಟ್ಟಲೆ ಬೆವರಿದವನು, ಹಾಗಾಗಿ ಸ್ವಲ್ಪ ಉದ್ದ ಆದರೆ ಬೇಸರ ಮಾಡಬೇಡಿ.

ಮೊದಲು ಆ ಹಡಗಿನ ಅಳತೆ ಮಕ್ಕಳಿಗೆ ಗೊತ್ತಾಗಲಿ. ಉದ್ದ 284 ಮೀಟರ್, ತೂಕ ಸುಮಾರು 44,500 ಟನ್, ಒಳಗೆ 1,600ಕ್ಕಿಂತ ಹೆಚ್ಚು ಜನ. ರಷ್ಯಾದ ಹಳೆಯ ಹಡಗನ್ನು ಬದಲಾಯಿಸಿ ಕಟ್ಟಿ, 2013ರ ನವೆಂಬರಿನಲ್ಲಿ ನಮ್ಮ ನೌಕಾಪಡೆಗೆ ಸೇರಿಸಿಕೊಂಡದ್ದು. ಅದು ಓಡುವುದು ಹಬೆಯಿಂದ. ಎಂಟು ಬಾಯ್ಲರ್‌ಗಳು. ಅಂದರೆ ಕಬ್ಬಿಣದ ಗೋಡೆಗಳ ಒಳಗೆ ಎಣ್ಣೆ, ಕುದಿಯುವ ಹಬೆ, ರಾಶಿ ರಾಶಿ ಕೇಬಲ್, ಎಲ್ಲ ಒಟ್ಟಿಗೇ. ಪೈಪಿಗೆ ಸುತ್ತಿದ ಲ್ಯಾಗಿಂಗ್, ಅಂದರೆ ಬಿಸಿ ತಡೆಯುವ ಹೊದಿಕೆ, ಒಂದು ಹನಿ ಎಣ್ಣೆ ಕುಡಿದಿದ್ದರೂ ನಮಗೆ ನಿದ್ದೆ ಬರುತ್ತಿರಲಿಲ್ಲ.

ಊರಲ್ಲಿ ಬೆಂಕಿ ಬಿದ್ದರೆ ಹೊರಗೆ ಓಡುತ್ತೇವೆ, 101ಕ್ಕೆ ಫೋನ್ ಮಾಡುತ್ತೇವೆ. ಹಡಗಿನಲ್ಲಿ ಓಡುವುದು ಎಲ್ಲಿಗೆ? ಅಗ್ನಿಶಾಮಕದವರು ಅಂತ ಬೇರೆ ಯಾರೂ ಬರುವುದಿಲ್ಲ. ಅಡುಗೆಯವನು, ರೇಡಿಯೊದವನು, ಎಂಜಿನ್‌ನವನು, ಎಲ್ಲರೂ ಬೆಂಕಿ ನಂದಿಸುವವರೇ. ಅದಕ್ಕೇ ನೌಕಾಪಡೆಯಲ್ಲಿ ಎಲ್ಲರಿಗೂ ಆ ತರಬೇತಿ ಉಂಟು. ಲೋನಾವಳದ ಐಎನ್‌ಎಸ್ ಶಿವಾಜಿಯಲ್ಲಿ ನಿಜವಾದ ಬೆಂಕಿ ಹಚ್ಚಿ, ಕತ್ತಲೆ ಕೋಣೆಗೆ ಹೊಗೆ ತುಂಬಿಸಿ ಕಲಿಸುತ್ತಾರೆ. ಎಂಜಿನ್ ವಿಭಾಗ ಅಂದಿರಲ್ಲ, ನಿಮ್ಮ ತಮ್ಮ ಅಲ್ಲಿಗೆ ಹೋಗಿಯೇ ಇರುತ್ತಾನೆ. ಕೇಳಿ ನೋಡಿ, ಮನೆಯಲ್ಲಿ ಹೇಳದಿದ್ದದ್ದನ್ನು ನಿಮಗೆ ಹೇಳಿಯಾನು.

ಈಗ ಒಳಗಿನ ಕಥೆ. ಬೆಂಕಿ ಬಿದ್ದ ಕೋಣೆಯ ಬಾಗಿಲು, ಹ್ಯಾಚ್ (ಕೆಳಗೆ ಇಳಿಯುವ ಮುಚ್ಚಳದ ಬಾಗಿಲು), ಗಾಳಿ ಹೋಗುವ ದಾರಿ ಎಲ್ಲ ಮುಚ್ಚುತ್ತಾರೆ. ಕರೆಂಟು ಕಡಿಯುತ್ತಾರೆ. ಕೋಣೆಯ ಆಚೀಚೆ, ಮೇಲೆ, ಕೆಳಗೆ ಬೇರೆ ಬೇರೆ ತಂಡ ನಿಂತು ಗೋಡೆಗೆ ನೀರು ಹೊಡೆಯುತ್ತಲೇ ಇರಬೇಕು. ಯಾಕೆಂದರೆ ಉಕ್ಕಿನ ಗೋಡೆ ಒಂದು ಬದಿಯಲ್ಲಿ ಕಾದರೆ ಇನ್ನೊಂದು ಬದಿಯ ಪೇಂಟು ತಾನಾಗಿ ಗುಳ್ಳೆ ಎದ್ದು ಉರಿಯುತ್ತದೆ. ಬೆಂಕಿ ಬಾಗಿಲಿನಿಂದ ಮಾತ್ರ ದಾಟುವುದಲ್ಲ, ಗೋಡೆಯಿಂದಲೂ ದಾಟುತ್ತದೆ. ಹಾಗಂತ ಬೇಕಾಬಿಟ್ಟಿ ನೀರು ಬಿಡುವ ಹಾಗೂ ಇಲ್ಲ. ನೀರು ಒಂದು ಬದಿಗೆ ತುಂಬಿದರೆ ಹಡಗೇ ವಾಲುತ್ತದೆ.

ಆಮೇಲೆ ಯಾರಾದರೂ ಒಳಗೆ ಹೋಗಲೇಬೇಕು. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್, ಕೈಯಲ್ಲಿ ಹೋಸ್. ಹೊರಗೆ ಒಬ್ಬ ಹಲಗೆ ಹಿಡಿದು ನಿಂತಿರುತ್ತಾನೆ. ಯಾರು ಒಳಗೆ ಹೋದರು, ಎಷ್ಟು ಹೊತ್ತಿಗೆ, ಸಿಲಿಂಡರಿನಲ್ಲಿ ಎಷ್ಟು ಒತ್ತಡ ಇತ್ತು, ಎಷ್ಟು ಹೊತ್ತಿಗೆ ಹೊರಗೆ ಬರಲೇಬೇಕು, ಎಲ್ಲ ಅದರಲ್ಲಿ ಬರೆಯುತ್ತಾನೆ. ಬಾಗಿಲು ತೆಗೆಯುವ ಮೊದಲು ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತೇವೆ. ಅಂಗೈ ಸುಟ್ಟರೆ ಮತ್ತೆ ಹೋಸ್ ಹಿಡಿಯಲು ಆಗುವುದಿಲ್ಲ. ಒಳಗೆ ನಿಂತು ನಡೆಯುವುದಿಲ್ಲ, ಕುಕ್ಕರಗಾಲಿನಲ್ಲಿ ಹೋಗುವುದು, ಬಿಸಿ ಎಲ್ಲ ಮೇಲೆ ಇರುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಮುಂದೆ ಇರುವವನ ಬೆನ್ನು ಕೈಗೆ ಸಿಕ್ಕಿದರೆ ಧೈರ್ಯ. ಗಾಳಿ ಮುಗಿಯುತ್ತಾ ಬಂದರೆ ಬೆನ್ನಿನ ಉಸಿರಾಟದ ಸೆಟ್ಟು ಸಿಳ್ಳೆ ಹೊಡೆಯುತ್ತದೆ. ಆ ಸಿಳ್ಳೆ ಕೇಳಿದ ಮೇಲೂ ಇನ್ನೊಂದು ನಿಮಿಷ ನಿಂತರೆ ಬೆಂಕಿ ಕೈಗೆ ಸಿಗುತ್ತದೆ ಅಂತ ಮನಸ್ಸು ಹೇಳುತ್ತದೆ. ಅಲ್ಲಿ ಹೋದವರಿಗೆಲ್ಲ ಆ ಒಂದು ನಿಮಿಷ ಗೊತ್ತು.

ಬೆಂಕಿಗಿಂತ ಹೊಗೆ ದೊಡ್ಡ ಶತ್ರು. ಕೇಬಲ್, ಪೇಂಟು, ಎಣ್ಣೆ ಉರಿದರೆ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ. ತಲೆ ಮಂಕಾಗುತ್ತದೆ, ಕಾಲು ಕುಸಿಯುತ್ತದೆ, ಅಷ್ಟೇ. ಚೌಹಾಣ್ ಸಾಹೇಬರ ಬಗ್ಗೆ ನೌಕಾಪಡೆ ಆ ದಿನ ತಿಳಿಸಿದ್ದೂ ಇದೇ. ಬೆಂಕಿ ಬಿದ್ದ ವಿಭಾಗದಲ್ಲಿ ನಂದಿಸುವ ಕೆಲಸದ ಮುಂದಾಳತ್ವ ಅವರೇ ವಹಿಸಿದ್ದರು. ಬೆಂಕಿ ಹತೋಟಿಗೆ ಬಂತು. ಆದರೆ ಹೊಗೆಯಿಂದ ಅವರಿಗೆ ಪ್ರಜ್ಞೆ ತಪ್ಪಿತು. ಕಾರವಾರದ ನೌಕಾ ಆಸ್ಪತ್ರೆ ಪತಂಜಲಿಗೆ ಸಾಗಿಸಿದರೂ ಉಳಿಸಿಕೊಳ್ಳಲು ಆಗಲಿಲ್ಲ.

ಹಡಗಿಗೆ ದೊಡ್ಡ ಹಾನಿ ಆಗಲಿಲ್ಲ. ಮೇ ಮೊದಲ ವಾರದಲ್ಲಿ ಶುರುವಾದ, ಫ್ರೆಂಚ್ ನೌಕಾಪಡೆಯ ಜೊತೆಗಿನ ವರುಣ ಸಮರಾಭ್ಯಾಸದಲ್ಲಿ ಫ್ರೆಂಚರ ವಿಮಾನವಾಹಕ ಹಡಗಿನ ಜೊತೆಗೆ ಅದೇ ವಿಕ್ರಮಾದಿತ್ಯ ಇತ್ತು. ಇದನ್ನು ಮಕ್ಕಳಿಗೆ ಹೇಳಿ. ಬೆಂಕಿ ಹತೋಟಿಗೆ ಬಾರದಿದ್ದರೆ ಏನಾಗುತ್ತಿತ್ತು ಅಂತ ಅವರೇ ಲೆಕ್ಕ ಹಾಕಲಿ. ಹಡಗಿನೊಳಗೆ ಸಾವಿರದ ಮೇಲೆ ಜನ, ಬಂದರಿಗೆ ಹೋಗುವ ಕಿರಿದಾದ ದಾರಿ, ಹತ್ತಿರದಲ್ಲೇ ದ್ವೀಪಗಳು, ಬಂಡೆಗಳು. ಅಂಥ ಜಾಗದಲ್ಲಿ ಎಂಜಿನ್ ನಿಂತರೆ ಆ ಗಾತ್ರದ ಹಡಗನ್ನು ಹಿಡಿಯುವವರು ಯಾರು?

ಅಧಿಕಾರಿ ಯಾಕೆ ಹೋಗಬೇಕು ಅಂತ ಕೇಳಿದ್ದೀರಿ. ಒಂದು ಸಂಗತಿ ಹೇಳುತ್ತೇನೆ. ನಾನಿದ್ದ ಒಂದು ಹಡಗು, ಹೆಸರು ಬೇಡ. ರಾತ್ರಿ ಪಾಳಿ. ಬಾಯ್ಲರ್ ರೂಮಿನ ಕೆಳಗಿನ ತಟ್ಟಿನಲ್ಲಿ ಬೆಂಕಿ. ಚಿಕ್ಕದೇ, ಆದರೆ ಎಣ್ಣೆಯದ್ದು. ನಾವು ಹೋಸ್ ಎಳೆದು ಹ್ಯಾಚಿನ ಹತ್ತಿರ ನಿಂತೆವು. ನಮ್ಮ ಪಾಳಿಯ ಅಧಿಕಾರಿ ನನಗಿಂತ ಎಷ್ಟೋ ವರ್ಷ ಚಿಕ್ಕವರು, ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ. ನಾನು ಮುಂದೆ ಹೆಜ್ಜೆ ಇಟ್ಟೆ. ಅವರು ನನ್ನ ಬೆಲ್ಟ್ ಹಿಡಿದು ಹಿಂದಕ್ಕೆ ಎಳೆದರು. "ನಿನಗೆ ವಾಲ್ವ್ ಗೊತ್ತು, ನೀನು ಎಣ್ಣೆ ಬಂದ್ ಮಾಡು. ಹೋಸ್ ನಾನು ಹಿಡಿಯುತ್ತೇನೆ" ಅಂತ ಹಿಂದಿಯಲ್ಲಿ ಹೇಳಿ ಏಣಿ ಇಳಿದೇ ಬಿಟ್ಟರು. ನಾನು ವಾಲ್ವ್ ತಿರುಗಿಸುವಾಗ ಅವರ ಹೋಸಿನ ನೀರು ಬಿಸಿಯಾಗಿ ನನ್ನ ಕಾಲ ಮೇಲೆ ಹರಿಯುತ್ತಿತ್ತು. ಎಲ್ಲರೂ ಮೇಲೆ ಬಂದೆವು. ಅವರು ಮಾಸ್ಕ್ ತೆಗೆದಾಗ ಮುಖದಲ್ಲಿ ಮಾಸ್ಕಿನ ಅಂಚಿನಷ್ಟೇ ಬಿಳಿ ಗೆರೆ, ಉಳಿದದ್ದೆಲ್ಲ ಕರಿ. ಮೊದಲು ಕೇಳಿದ್ದು "ಎಷ್ಟು ಜನ ಇದ್ದೇವೆ, ಎಣಿಸಿ" ಅಂತ.

ಎಂಜಿನಿಯರ್ ಅಧಿಕಾರಿ ಅಂದರೆ ಇದು. ಅವನಿಗೆ ತನ್ನ ಕೋಣೆ ಗೊತ್ತಿರುತ್ತದೆ, ತನ್ನ ಜನ ಗೊತ್ತಿರುತ್ತಾರೆ. ಹೊರಗೆ ನಿಂತು ಕೈ ತೋರಿಸಿದರೆ ಮಾರನೇ ದಿನ ಅವನ ಮಾತು ಯಾರು ಕೇಳುತ್ತಾರೆ? ಅವಘಡ ಹೌದು ತಂಗಿ. ಬೆಂಕಿ ಬಿದ್ದದ್ದು ಅವಘಡ. ಒಳಗೆ ಹೋದದ್ದು ಅವಘಡ ಅಲ್ಲ.

ತೊಟ್ಟಂ ಬೋಟು:

ಕಾಪು ಅಣ್ಣ ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾನು ಆಳಸಮುದ್ರ ಮೀನುಗಾರಿಕೆ ಬೋಟಿನಲ್ಲಿ ತಂಡೇಲ, ಅಂದರೆ ಬೋಟು ನಡೆಸುವವನು. ಅಕ್ಕ, ನಿಮ್ಮ ಹಿರಿಯರು ಹೇಳಿದ ಮಾತು ನನಗೆ ಅರ್ಥ ಆಗುತ್ತದೆ. ಅವರು ಯಾವ ಬೋಟಿನ ಮಾತಾಡಿದರು ಅಂತ ಮಲ್ಪೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಸುವರ್ಣ ತ್ರಿಭುಜ ಎಂಬ ಮೀನುಗಾರಿಕೆ ಬೋಟು ಮಲ್ಪೆ ಬಿಟ್ಟದ್ದು 2018ರ ಡಿಸೆಂಬರ್ 13ಕ್ಕೆ. ಒಳಗೆ ಏಳು ಜನ. ಇಬ್ಬರು ನಮ್ಮ ಕಡೆಯವರು, ಐವರು ಉತ್ತರ ಕನ್ನಡದವರು. 15ರ ನಂತರ ಸಂಪರ್ಕ ಇಲ್ಲ. ಆಮೇಲೆ ತಿಂಗಳುಗಟ್ಟಲೆ ಬೋಟು ನಿಲ್ಲುವ ದಕ್ಕೆಯಲ್ಲಿ ಬೇರೆ ಮಾತೇ ಇರಲಿಲ್ಲ. ಜನವರಿಯಲ್ಲಿ ಹೆದ್ದಾರಿಗೆ ಇಳಿದೆವು. ಕೋಪ ಇತ್ತು, ಸರಿಯಾಗಿ ಹುಡುಕುತ್ತಿಲ್ಲ ಅಂತ. ಆ ಮನೆಗಳ ಹೆಂಗಸರು ಹಣೆಯ ಕುಂಕುಮ ತೆಗೆಯಬೇಕೋ ಇಡಬೇಕೋ ಗೊತ್ತಾಗದೆ ಕೂತಿದ್ದರು. ಅದಕ್ಕಿಂತ ದೊಡ್ಡ ಸಂಕಟ ನಾನು ನೋಡಿಲ್ಲ.

ಈಗ ತಾರೀಕು ನೋಡಿ. ವಿಕ್ರಮಾದಿತ್ಯದ ಬೆಂಕಿ ಏಪ್ರಿಲ್ 26, ಶುಕ್ರವಾರ. ನಮ್ಮ ಚುನಾವಣೆ 18ಕ್ಕೆ, ಕಾರವಾರದ್ದು 23ಕ್ಕೆ ಮುಗಿದಿತ್ತು, ಎಲ್ಲರ ಬಾಯಲ್ಲೂ ಅದೇ ಲೆಕ್ಕಾಚಾರ. ಹಡಗಿನ ಸುದ್ದಿ ಬಂದದ್ದೂ ಹೋದದ್ದೂ ಹೆಚ್ಚಿನವರಿಗೆ ತಿಳಿಯಲಿಲ್ಲ. ಅದೇ ದಿನಗಳಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ನಮ್ಮವರನ್ನೂ ಹತ್ತಿಸಿಕೊಂಡು ಸುವರ್ಣ ತ್ರಿಭುಜವನ್ನು ಹುಡುಕಲು ಹೋಯಿತು. ಮೇ ತಿಂಗಳ ಮೊದಲಿಗೆ ಮಹಾರಾಷ್ಟ್ರದ ಮಾಲ್ವಣ್ ಸಮುದ್ರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಸಿಕ್ಕಿತು. ತಮ್ಮ ಒಬ್ಬ ಅಧಿಕಾರಿಯನ್ನು ಕಳೆದುಕೊಂಡ ದುಃಖದಲ್ಲಿ ಇದ್ದವರೇ ನಮ್ಮ ಏಳು ಜನರಿಗಾಗಿ ನೀರಿನ ಅಡಿ ಹುಡುಕುತ್ತಿದ್ದರು.

ಹಾಗಾಗಿ ನನ್ನ ಮಾತು ಇದು. ಎರಡನ್ನೂ ಒಂದೇ ದಿನ ಮಾಡಿ. ಚೌಹಾಣ್ ಅವರ ಹೆಸರು ಹೇಳುವಾಗ ಸುವರ್ಣ ತ್ರಿಭುಜದ ಏಳು ಹೆಸರೂ ಹೇಳಿ. ನಿಮ್ಮ ಹಿರಿಯರೇ ಬಂದು ಓದಲಿ. ಅವರ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಅವರ ಕೈಗೆ ಆ ಕಾಗದ ಕೊಡುವುದು ಒಳ್ಳೆಯದು. ಮತ್ತೆ ಒಂದು ವಿಷಯ, ಚೌಹಾಣ್ ಅವರು ಮಧ್ಯಪ್ರದೇಶದ ರತ್ಲಾಂನವರಂತೆ. ಸಮುದ್ರವೇ ಇಲ್ಲದ ರಾಜ್ಯ. ನಾವು ಹುಟ್ಟಿದ್ದೇ ಉಪ್ಪುನೀರಿನ ಬದಿಯಲ್ಲಿ, ನಮಗೆ ಬೇರೆ ದಾರಿ ಇರಲಿಲ್ಲ. ಅವರು ಹುಡುಕಿಕೊಂಡು ಬಂದವರು.

ಸುರತ್ಕಲ್ ಕಾರವಾರಿ:

ನಾನು ಮೂಲ ಕಾರವಾರದವನು, ಕೆಲಸಕ್ಕಾಗಿ ಸುರತ್ಕಲ್‌ನಲ್ಲಿದ್ದೇನೆ. ಊರಿಗೆ ಹೋಗುವಾಗ ನೌಕಾನೆಲೆ ಇರುವ ಅರಗಾ ದಾಟುವ ಹೊತ್ತಿಗೆ ಬಸ್ಸಿನವರೆಲ್ಲ ಸಮುದ್ರದ ಕಡೆಗೇ ಕತ್ತು ತಿರುಗಿಸುತ್ತಾರೆ, ದೊಡ್ಡ ಹಡಗು ಬಂದಿದೆಯಾ ಅಂತ. ನಮಗೆ ಅದು ಮನೆಯ ಹಡಗಿನ ಹಾಗೆ.

ಒಂದು ಮಾತು ಮಾತ್ರ ಸೇರಿಸಬೇಕು. ಧೈರ್ಯ ಹೊಗಳಿದರೆ ಸಾಲದು, ಯಾಕೆ ಹೀಗಾಗುತ್ತದೆ ಅಂತಲೂ ಮಕ್ಕಳು ಕೇಳಬೇಕು. ಇದೇ ಹಡಗಿನಲ್ಲಿ 2016ರ ಜೂನ್‌ನಲ್ಲಿ ಕಾರವಾರದಲ್ಲಿ ರಿಪೇರಿ ನಡೆಯುವಾಗ ವಿಷಾನಿಲದಿಂದ ಇಬ್ಬರು ಹೋದರು. ಒಬ್ಬರು ನಾವಿಕ, ಇನ್ನೊಬ್ಬರು ಖಾಸಗಿ ಕಂಪನಿಯ ಕೆಲಸಗಾರ. ಸಮವಸ್ತ್ರ ಇಲ್ಲದೆ ಅದೇ ಹಡಗಿನ ಹೊಟ್ಟೆಯಲ್ಲಿ ಕೆಲಸ ಮಾಡಿದವರನ್ನು ಯಾರೂ ನೆನೆಯುವುದಿಲ್ಲ. ಅವರನ್ನೂ ಒಂದು ಮಾತಿನಲ್ಲಿ ನೆನೆಯಿರಿ.

ಇನ್ನೊಂದು ಸಿಂಧುರತ್ನ. ಜಲಾಂತರ್ಗಾಮಿ. 2014ರ ಫೆಬ್ರವರಿ 26ರಂದು ಮುಂಬೈ ಹತ್ತಿರ ಸಮುದ್ರದಲ್ಲಿ ಒಳಗೆ ಹೊಗೆ ತುಂಬಿತು. ಲೆಫ್ಟಿನೆಂಟ್ ಕಮಾಂಡರ್ ಕಪೀಶ್ ಮುವಾಲ್ ಮತ್ತು ಲೆಫ್ಟಿನೆಂಟ್ ಮನೋರಂಜನ್ ಕುಮಾರ್ ಇಬ್ಬರೂ ಅದರಲ್ಲಿ ತೀರಿಕೊಂಡರು. ಇಬ್ಬರಿಗೂ ಮರಣೋತ್ತರ ಶೌರ್ಯಚಕ್ರ ಬಂತು. ಹಿಂದಿನ ವರ್ಷ ಆಗಸ್ಟ್ 14ಕ್ಕೆ ಮುಂಬೈ ಡಾಕ್‌ಯಾರ್ಡಿನಲ್ಲಿ ಇನ್ನೊಂದು ಜಲಾಂತರ್ಗಾಮಿ ಸಿಂಧುರಕ್ಷಕ್ ಸ್ಫೋಟ ಆಗಿ 18 ಜನ ಹೋಗಿದ್ದರು. ಸಿಂಧುರತ್ನದ ದಿನವೇ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ. ಕೆ. ಜೋಶಿ ಈ ಅವಘಡಗಳ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಅಷ್ಟು ದೊಡ್ಡ ಕುರ್ಚಿಯಲ್ಲಿದ್ದವರು ಹಾಗೆ ಎದ್ದು ಹೋದದ್ದನ್ನು ನಮ್ಮ ಮಕ್ಕಳು ತಿಳಿಯಲಿ. ಕೆಳಗೆ ಬೆಂಕಿಯ ಹತ್ತಿರ ಇರುವವನ ಹೊಣೆ ಒಂದು, ಮೇಲೆ ಕುಳಿತವರ ಹೊಣೆ ಇನ್ನೊಂದು. ಎರಡೂ ಬೇಕು.

ಪಡುಕೆರೆ ಅಕ್ಕ:

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ತೊಟ್ಟಂ ಅಣ್ಣ ಹೇಳಿದ್ದನ್ನು ಹಿರಿಯರ ಹತ್ತಿರ ಹೋಗಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಹೆಸರು ನಾನೇ ಓದುತ್ತೇನೆ, ಆದರೆ ಕನ್ನಡಕ ಬದಲಾಯಿಸಬೇಕು, ದೊಡ್ಡ ಅಕ್ಷರದಲ್ಲಿ ಬರೆದು ಕೊಡು" ಅಂದರು. ಇಬ್ಬರು ಮಲ್ಪೆಯವರಲ್ಲಿ ಒಬ್ಬರ ಜೊತೆ ಇವರು ಮೊದಲು ಒಂದೇ ಬೋಟಿನಲ್ಲಿ ಹೋಗುತ್ತಿದ್ದರಂತೆ. ನನಗೆ ಗೊತ್ತಿರಲಿಲ್ಲ.

ಕಾಪು ಅಣ್ಣ, ಎರಡು ಪ್ರಶ್ನೆ. ಹುಡುಗರು ಚೌಹಾಣ್ ಅವರ ಮನೆಯವರನ್ನು ಹುಡುಕಿ ಫೋನ್ ಮಾಡಿಸಬೇಕು, ವಿಡಿಯೊದಲ್ಲಿ ಮಾತಾಡಿಸಬೇಕು ಅಂತ ಹಟ ಹಿಡಿದಿದ್ದಾರೆ. ಅವರ ಮದುವೆಯ ಫೋಟೊ ಇಂಟರ್‌ನೆಟ್ಟಿನಲ್ಲಿ ಇದೆ, ಅದನ್ನೇ ಬ್ಯಾನರಿಗೆ ಹಾಕುತ್ತಾರಂತೆ. ಅದು ಸರಿಯಾ? ಇನ್ನೊಂದು, ಅಮ್ಮನಿಗೆ ಏನು ಹೇಳಲಿ?

ಕಾಪು ದೀಪಸ್ತಂಭ:

ಫೋನ್ ಬೇಡವೇ ಬೇಡ. ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ಆಗ ಟಿವಿಯವರು ಆ ಫೋಟೊವನ್ನು ಎಷ್ಟು ಸಲ ತೋರಿಸಿದರು ಅಂತ ನೆನಪಿದ್ದರೆ ನೀವೂ ಬೇಡ ಅನ್ನುತ್ತೀರಿ. ಆ ಮನೆಯವರು ಏಪ್ರಿಲ್ 26ನ್ನು ಹೇಗೆ ಕಳೆಯುತ್ತಾರೋ ಅದು ಅವರಿಗೆ ಬಿಟ್ಟದ್ದು. ಗುರುತಿಲ್ಲದ ಊರಿನಿಂದ ಒಂದು ಕರೆ ಬಂದು, ಹಾಲ್ ತುಂಬಾ ಜನ ನೋಡುವಾಗ ಅವರು ಮಾತಾಡಬೇಕೇ? ಬ್ಯಾನರಿಗೆ ಸಮವಸ್ತ್ರದ ಚಿತ್ರ ಸಾಕು. ಹೆಸರು, ಹುದ್ದೆ, ಹಡಗು, ತಾರೀಕು. ಪ್ರಾಯೋಜಕರ ಹೆಸರು, ನಾಯಕರ ಮುಖ ಯಾವುದೂ ಅದರಲ್ಲಿ ಇರಬಾರದು, ದಯವಿಟ್ಟು. ಮನೆಯವರಿಗೆ ತಿಳಿಸಲೇಬೇಕು ಅನಿಸಿದರೆ ಒಂದು ಕಾಗದ ಬರೆದು ಕಾರವಾರದ ನೌಕಾನೆಲೆ ಐಎನ್‌ಎಸ್ ಕದಂಬದ ವಿಳಾಸಕ್ಕೆ ಕಳಿಸಿ. ತಲುಪಿಸುವುದು ಸರಿ ಅನಿಸಿದರೆ ಅವರು ತಲುಪಿಸುತ್ತಾರೆ.

ಮಕ್ಕಳಿಗೆ ಭಾಷಣ ಕಡಿಮೆ ಮಾಡಿ. ಸಾಧ್ಯವಾದರೆ ಮಲ್ಪೆ ಅಗ್ನಿಶಾಮಕ ಠಾಣೆಯವರನ್ನು ಕೇಳಿ ಒಂದು ಉಸಿರಾಟದ ಸೆಟ್ಟು ತರಿಸಿ. ಆಸೆ ಇದ್ದ ಹುಡುಗ ಬೆನ್ನಿಗೆ ಹಾಕಿಕೊಂಡು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಹಾಲಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕುಕ್ಕರಗಾಲಿನಲ್ಲಿ ಹೋಗಿ ಬರಲಿ. ಬೆಂಕಿ ಇಲ್ಲ, ಹೊಗೆ ಇಲ್ಲ, ಆದರೂ ಎದೆ ಹೊಡೆದುಕೊಳ್ಳುತ್ತದೆ. ಆಮೇಲೆ ನೀವು ಚೌಹಾಣ್ ಸಾಹೇಬರ ಹೆಸರು ಹೇಳಿ.

ಅಮ್ಮನ ವಿಷಯ. ಏನೂ ಆಗುವುದಿಲ್ಲ ಅಂತ ಮಾತ್ರ ಹೇಳಬೇಡಿ, ಅವರು ಮೀನುಗಾರರ ಮನೆಯವರು, ಸಮುದ್ರ ಅವರಿಗೆ ಗೊತ್ತು. ನನ್ನ ಅಮ್ಮನೂ ಹೀಗೇ ಇದ್ದರು. ನಾನು ರಜೆಗೆ ಬಂದಾಗ ಒಂದು ದಿನ ಕೂತು, ನನ್ನ ಕೆಲಸ ಏನು, ಬೆಂಕಿ ಬಿದ್ದರೆ ನಾವು ಏನು ಮಾಡುತ್ತೇವೆ, ಹಲಗೆಯಲ್ಲಿ ನನ್ನ ಹೆಸರು ಯಾರು ಬರೆಯುತ್ತಾರೆ, ನಾನು ಬಾರದಿದ್ದರೆ ನನ್ನನ್ನು ಹುಡುಕಲು ಯಾರು ಬರುತ್ತಾರೆ, ಎಲ್ಲ ಹೇಳಿದೆ. ಹೆದರಿಕೆ ಹೋಗಲಿಲ್ಲ. ಆದರೆ ಆಮೇಲೆ ಪ್ರತಿ ಸಲ ಹೊರಡುವಾಗ "ಹಲಗೆಯವನಿಗೆ ನನ್ನ ನಮಸ್ಕಾರ ಹೇಳು" ಅನ್ನುತ್ತಿದ್ದರು. ನಿಮ್ಮ ತಮ್ಮನೇ ಹೇಳಬೇಕು ಇದನ್ನು. ನೀವು ಹೇಳಿದರೆ ಆಗುವುದಿಲ್ಲ.

ಪಡುಕೆರೆ ಅಕ್ಕ:

ತಮ್ಮನಿಗೆ ಮೆಸೇಜ್ ಹಾಕಿದ್ದೇನೆ. ಹಡಗು ಹೊರಗಿದೆ, ಬಂದ ಮೇಲೆ ನೋಡುತ್ತಾನೆ. ಮದುವೆ ಫೋಟೊ ತೆಗೆಸಿದೆ. ಕಾಗದ ನಾನೇ ಬರೆಯುತ್ತೇನೆ. ಕಾರ್ಯಕ್ರಮ 26ರ ಸಂಜೆ 5 ಗಂಟೆಗೆ, ಭಜನೆ ಶುರುವಾಗುವ ಮೊದಲು. ಅಗ್ನಿಶಾಮಕದವರನ್ನು ಕೇಳಲು ನಾಳೆ ಇಬ್ಬರು ಹುಡುಗರು ಹೋಗುತ್ತಾರೆ. ಕಾಪು ಅಣ್ಣ, ನೀವು ಬರಲೇಬೇಕು. ಹೋಸ್ ಹೇಗೆ ಹಿಡಿಯುವುದು ಅಂತ ತೋರಿಸಲು ನಮ್ಮಲ್ಲಿ ಬೇರೆ ಯಾರೂ ಇಲ್ಲ.